ಸಹಾಯ ಬೇಕು: ಕೀಮೋ ನಡೆಯುವಾಗ ಅಣಬೆ ಕ್ಯಾಪ್ಸೂಲ್ ಕೊಡಬಹುದಾ?

ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಮ್ಮನಿಗೆ ಹೊಟ್ಟೆಯ ಕ್ಯಾನ್ಸರ್. ಮೂರನೇ ಕೀಮೋ ಮುಗಿದಿದೆ. ನೋಡೋಕೆ ಬಂದ ನೆಂಟರೊಬ್ಬರು ರೀಶಿ ಅಣಬೆಯ ಕ್ಯಾಪ್ಸೂಲ್ ಡಬ್ಬಿ ಕೈಗಿಟ್ಟು ಹೋದರು. ಒಂದನ್ನು ಬಿಡಿಸಿ ನೋಡಿದೆ. ಕಂದು ಪುಡಿ, ನಾಲಿಗೆಗಿಟ್ಟರೆ ಕಹಿಯೋ ಕಹಿ. ಡಬ್ಬಿ ಮೇಲೆ 'ಇಮ್ಯುನಿಟಿ' ಅಂತ ದಪ್ಪ ಅಕ್ಷರ. ಅಣಬೆಯಲ್ಲಿರುವ ಬೀಟಾ ಗ್ಲುಕಾನ್ ಎಂಬ ನಾರಿನಂಶ ಎಷ್ಟಿದೆ ಅಂತ ಮಾತ್ರ ಎಲ್ಲೂ ಇಲ್ಲ.

ಸುಮ್ನೆ ತಳ್ಳಿಹಾಕೋಕೂ ಮನಸ್ಸಿಲ್ಲ. ಶಿಟಾಕೆ ಅಣಬೆಯಿಂದ ತೆಗೆದ ಲೆಂಟಿನಾನ್ ಎಂಬ ಬೀಟಾ ಗ್ಲುಕಾನ್‌ಗೆ ಜಪಾನಿನಲ್ಲಿ 1985ರಲ್ಲೇ ಒಪ್ಪಿಗೆ ಸಿಕ್ಕಿತ್ತು, ಹೊಟ್ಟೆಯ ಕ್ಯಾನ್ಸರ್‌ಗೆ ಕೀಮೋ ಜೊತೆ ಕೊಡಲು. ಆದರೆ ಅದು ಇಂಜೆಕ್ಷನ್, ನುಂಗುವ ಪುಡಿಯಲ್ಲ ಅಲ್ವಾ? ಬೀಟಾ ಗ್ಲುಕಾನ್ ಮುಖ್ಯವಾಗಿ ಮ್ಯಾಕ್ರೋಫೇಜ್‌ನಂಥ ರಕ್ಷಣಾ ಕಣಗಳ ಮೇಲಿರುವ ಡೆಕ್ಟಿನ್-1 ಎಂಬ ಗ್ರಾಹಕಕ್ಕೆ (ರಿಸೆಪ್ಟರ್) ಅಂಟಿಕೊಂಡು ಅವನ್ನು ಎಬ್ಬಿಸುತ್ತದೆ. ಗಡ್ಡೆಯ ಮೇಲೆ ಬೀಳಬೇಕಾದವು ಆ ಕಣಗಳೇ. ನನ್ನ ಭಯ ಬೇರೆ. ರೀಶಿಯಿಂದ ರಕ್ತಸ್ರಾವ ಜಾಸ್ತಿ ಆಗಬಹುದಂತೆ, ಚಿಕ್ಕಮ್ಮನ ಪ್ಲೇಟ್‌ಲೆಟ್ ಈಗಲೇ ಕಡಿಮೆ.

ಮುಂದಿನ ವಾರ ಡಬ್ಬಿ ಸಮೇತ ಡಾಕ್ಟರ್ ಹತ್ತಿರ ಹೋಗುತ್ತೇವೆ. ಅಲ್ಲಿವರೆಗೆ ಕೊಡುವುದಿಲ್ಲ. ಕೀಮೋ ಜೊತೆ ಇದನ್ನು ತೆಗೆದುಕೊಂಡವರಿದ್ದರೆ, ನಿಮ್ಮ ಡಾಕ್ಟರ್ ಏನಂದರು, ಯಾವ ರಕ್ತಪರೀಕ್ಷೆ ಮಾಡಿಸಿದರು ಅಂತ ತಿಳಿಸಿ. ಮಾರುವವರು ದಯವಿಟ್ಟು ಮೆಸೇಜ್ ಮಾಡಬೇಡಿ.