‘ಕನಿಷ್ಠ ಆಕ್ರಮಣಕಾರಿ’ ಬೇಡ, ‘ಕಿಂಡಿ’ ನಡೆದೀತೆ?

ಗೆಳೆಯರಿಗೆ ನಮಸ್ಕಾರ.

ದಾವಣಗೆರೆಯಿಂದ ಬರೆಯುತ್ತಿದ್ದೇನೆ. ನನ್ನ ಅಕ್ಕನ ಮಗಳು ಇಲ್ಲೇ ಸರ್ಜರಿಯಲ್ಲಿ ಪಿ.ಜಿ. ಓದುತ್ತಿದ್ದಾಳೆ. ಹೋದ ತಿಂಗಳು ಎರಡು ಹಾಳೆ ತಂದು, ‘ಮಾಮ, ಇವನ್ನ ಜನಕ್ಕೆ ತಿಳಿಯೋ ಹಂಗೆ ಕನ್ನಡ ಮಾಡಿಕೊಡು’ ಎಂದಳು. ಒಂದು, ರೋಗಿಯ ಮನೆಯವರಿಗೆ ಕೊಡುವ ತಿಳಿವಳಿಕೆ ಪತ್ರ. ಇನ್ನೊಂದು, ಓ.ಟಿ. ಟೆಕ್ನಿಷಿಯನ್ ಕೆಲಸ ಕಲಿಯುವ ಹುಡುಗರಿಗೆ ಟಿಪ್ಪಣಿ. ಮೊದಲನೆಯದರಲ್ಲಿ ಯಾರೋ ಆಗಲೇ ಮೊಬೈಲಿಗೆ ಹೇಳಿ ಅನುವಾದ ಮಾಡಿಸಿದ್ದ ಸಾಲೊಂದಿತ್ತು: ‘ನಿಮಗೆ ಕನಿಷ್ಠ ಆಕ್ರಮಣಕಾರಿ ಶಸ್ತ್ರಚಿಕಿತ್ಸೆ ಮಾಡಲಾಗುವುದು.’

ದೊಡ್ಡದಾಗಿ ಕೊಯ್ಯದೆ, ಸಣ್ಣ ತೂತುಗಳ ಮೂಲಕ ಮಾಡುವ ಆಪರೇಷನ್ನಿಗೆ ಇಂಗ್ಲಿಷಿನಲ್ಲಿ ‘ಮಿನಿಮಲಿ ಇನ್ವೇಸಿವ್’ ಎನ್ನುತ್ತಾರೆ, ಅದರ ಅನುವಾದ ಇದು. ಈ ಸಾಲನ್ನು ಓದಿದವರು ಮಂಚ ಹತ್ತುತ್ತಾರೆಯೆ? ಆಕ್ರಮಣಕಾರಿ ಎಂಬ ಮಾತು ನಮಗೆ ಬೀದಿನಾಯಿಗೂ ಬ್ಯಾಟ್ಸ್‌ಮನ್‌ಗೂ ಮೀಸಲು. ಅದರ ಹಿಂದೆ ‘ಕನಿಷ್ಠ’ ಬೇರೆ. ಕನಿಷ್ಠ ದರ್ಜೆಯ ಆಪರೇಷನ್ ಎಂದುಕೊಂಡರೆ ಓದಿದವರ ತಪ್ಪಲ್ಲ. ‘ಇನ್ವೇಸಿವ್’ ಎಂಬ ಇಂಗ್ಲಿಷ್ ಪದದ ಬೇರಾದ ಲ್ಯಾಟಿನ್ ಕ್ರಿಯಾಪದಕ್ಕೆ ‘ಒಳಗೆ ಹೋಗು’ ಎಂದರ್ಥ. ದಂಡೆತ್ತಿ ಹೋಗುವುದು ಆಮೇಲೆ ಅಂಟಿಕೊಂಡದ್ದು. ನಾವು ಆಮೇಲಿನದನ್ನೇ ಹಿಡಿದುಕೊಂಡೆವು. ‘ಮಿನಿಮಲಿ ಇನ್ವೇಸಿವ್’ ಎಂಬುದನ್ನು 1980ರ ದಶಕದಲ್ಲಿ ಬಳಕೆಗೆ ತಂದವರು ಜಾನ್ ವಿಕಮ್ ಎಂಬ ಬ್ರಿಟಿಷ್ ಮೂತ್ರಾಂಗ ಶಸ್ತ್ರವೈದ್ಯರು. ಅದನ್ನು ಒಪ್ಪದ ವೈದ್ಯರೂ ಇದ್ದಾರೆ. ತೂತು ಸಣ್ಣದಾದರೂ ಒಳಗೆ ಕತ್ತರಿಸುವ ಪಿತ್ತಕೋಶ ಅದೇ ತಾನೆ, ಕಿರಿದಾದದ್ದು ಬಾಗಿಲು, ಕೆಲಸವಲ್ಲ ಎಂಬುದು ಅವರ ವಾದ. ನನಗೆ ಅವರ ಮಾತು ಸರಿ ಕಾಣುತ್ತದೆ.

ಹಾಗಾದರೆ, ಹೊಟ್ಟೆಯ ಇಂಥ ಆಪರೇಷನ್ನಿಗೆ ವೈದ್ಯರು ಹೇಳುವ ‘ಲ್ಯಾಪ್ರೋಸ್ಕೋಪಿ’ ಎಂದೇ ಬಿಡೋಣವೆಂದರೆ ಅಲ್ಲೊಂದು ತಮಾಷೆಯಾಯಿತು. ಜಗಳೂರು ಕಡೆಯ ಅಜ್ಜಿಯೊಬ್ಬರಿಗೆ ಪಿತ್ತಕೋಶದ ಕಲ್ಲು. ‘ಲ್ಯಾಪ್ರೋಸ್ಕೋಪಿ ಮಾಡ್ತೀವಿ’ ಎಂದು ನಮ್ಮ ಹುಡುಗಿ ಹೇಳಿದ್ದೇ ತಡ, ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು, ‘ಈ ವಯಸ್ಸಿನಾಗ ನನಗ್ಯಾಕವ್ವ ಅದು, ಮೊಮ್ಮಕ್ಕಳ ಮದುವಿ ಆಗ್ಯಾವೆ’ ಎಂದರಂತೆ. ನಮ್ಮ ಹಳ್ಳಿಗಳಿಗೆ ಆ ಪದ ಬಂದದ್ದೇ ಕುಟುಂಬ ಯೋಜನೆಯ ಕ್ಯಾಂಪುಗಳ ಜೊತೆ. ಅಜ್ಜಿಯ ಮಟ್ಟಿಗೆ ಅದು ಮಕ್ಕಳಾಗದ ಹಾಗೆ ಮಾಡುವ ಆಪರೇಷನ್ ಅಷ್ಟೇ. ‘ಉದರದರ್ಶಕ’ ಎಂದು ಬರೆದರೂ ಅದೇ ನೆನಪು. ಗ್ರೀಕಿನ ‘ಲಪಾರ’ ಎಂದರೆ ಪಕ್ಕೆಲುಬಿಗೂ ಸೊಂಟಕ್ಕೂ ನಡುವಿನ ಮೆತ್ತನೆಯ ಜಾಗ. ಎತ್ತು ಕಟ್ಟಿದವರೆಲ್ಲ ‘ಅಳ್ಳೆ’ ಎನ್ನುವುದು ಆ ಜಾಗಕ್ಕೇ. ಅಂದರೆ ಲ್ಯಾಪ್ರೋಸ್ಕೋಪಿ ಅಕ್ಷರಶಃ ‘ಅಳ್ಳೆನೋಟ’! ಇದನ್ನು ಬಳಸಿ ಎನ್ನುತ್ತಿಲ್ಲ, ಖುಷಿಗೆ ಹೇಳಿದೆ.

ಜನ ಏನನ್ನುತ್ತಾರೆ ಎಂದು ವಾರ್ಡಿನ ಹೊರಗೆ ಕೂತವರನ್ನೇ ಕೇಳಿಸಿದೆ. ‘ಹೊಟ್ಟೆ ಕೊಯ್ಯೋದಲ್ಲ, ತೂತು ಹಾಕಿ ಮಾಡ್ತಾರ’, ‘ಟಿವಿ ನೋಡಿ ಮಾಡೋ ಆಪರೇಷನ್’. ಎರಡೂ ಸತ್ಯ. ಹೊಟ್ಟೆಯೊಳಗೆ ಇಂಗಾಲದ ಡೈ ಆಕ್ಸೈಡ್ ತುಂಬಿ ಉಬ್ಬಿಸಿ, 5 ಮತ್ತು 10 ಮಿಲಿಮೀಟರಿನ ಕೊಳವೆಗಳನ್ನು ತೂರಿಸಿ, ಒಂದರಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಉದ್ದನೆಯ ಇಕ್ಕಳ, ಕತ್ತರಿ. ಈ ತೂತಿಗೆ ವೈದ್ಯರ ಭಾಷೆಯಲ್ಲಿ ‘ಪೋರ್ಟ್’. ನನಗೆ ಹೊಳೆದದ್ದು ‘ಕಿಂಡಿ’. ತೂತು ಎಂದರೆ ಹಾಳಾದದ್ದು. ರಂಧ್ರ ಎಂದರೆ ಪುಸ್ತಕ. ಕಿಂಡಿಯಾದರೆ ಬೇಕೆಂದೇ ಬಿಟ್ಟದ್ದು. ಅದಕ್ಕೂ ಮಿಗಿಲಾಗಿ, ಕನ್ನಡಿಗರ ಮನಸ್ಸಿನಲ್ಲಿ ಎರಡು ಕಿಂಡಿಗಳಿವೆ: ಉಡುಪಿಯ ಕನಕನ ಕಿಂಡಿ ನೋಡುವುದಕ್ಕೆ, ದುರ್ಗದ ಓಬವ್ವನ ಕಿಂಡಿ ತೂರುವುದಕ್ಕೆ. ಈ ಆಪರೇಷನ್ನಿಗೂ ಬೇಕಾದದ್ದು ಅವೆರಡೇ, ನೋಡುಗಿಂಡಿ ಮತ್ತು ತೂರುಗಿಂಡಿ. ‘ಕಿಂಡಿ ಶಸ್ತ್ರಚಿಕಿತ್ಸೆ’ ಎಂದು ಬರೆದು ಬೀಗಿದೆ.

ಚಿತ್ರದುರ್ಗದ ಗೆಳೆಯನಿಗೆ ಫೋನಿನಲ್ಲಿ ಓದಿ ಹೇಳಿದೆ. ಅವನು ಒಂದು ಕ್ಷಣ ಸುಮ್ಮನಿದ್ದು, ‘ನಮ್ಮೂರಾಗೆ ಆ ಕಿಂಡಿಯೊಳಗೆ ತೂರಿದ ಹೈದರಾಲಿ ಸೈನಿಕರಲ್ಲಿ ಒಬ್ಬನೂ ವಾಪಸ್ ಹೋಗಲಿಲ್ಲ ಕಣಯ್ಯ, ನೀನು ಅದನ್ನ ಆಸ್ಪತ್ರೆಗೆ ಹಾಕ್ತೀಯಲ್ಲ’ ಎಂದ. ಸರಿ, ಒನಕೆಯ ನೆನಪು ನನಗೆ ಬಂದಿರಲಿಲ್ಲ. ನಿಮ್ಮ ಅಭಿಪ್ರಾಯ ಬೇಕಾಗಿರುವುದು ಇಲ್ಲೇ. ದುರ್ಗದವರ ಅಪಶಕುನಕ್ಕಾಗಿ ಒಳ್ಳೆಯ ಪದವನ್ನು ಬಿಡಬೇಕೆ?

ಇನ್ನು ಎರಡನೇ ಹಾಳೆ. ಈ ವಿದ್ಯೆ ಕಲಿಯುವ ಬಗೆ ನೋಡಬೇಕೆಂದರೆ ನಮ್ಮನೆಗೆ ಬನ್ನಿ. ಮಿಕ್ಸಿ ಬಂದಿದ್ದ ರಟ್ಟಿನ ಪೆಟ್ಟಿಗೆಗೆ ಹುಡುಗಿ ಕಿಂಡಿ ಕೊರೆದು, ಒಳಗೊಂದು ಪುಟ್ಟ ದೀಪ, ಮೇಲೆ ಮೊಬೈಲ್ ಕ್ಯಾಮೆರಾ ಇಟ್ಟು, ಪರದೆ ನೋಡುತ್ತ ಎರಡು ಕಡ್ಡಿಯಂಥ ಇಕ್ಕಳಗಳಿಂದ ಅಲಸಂದೆ ಕಾಳನ್ನು ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಸಾಗಿಸುತ್ತಾಳೆ. ಅಮೆರಿಕದ ಪರೀಕ್ಷೆಯೊಂದರಲ್ಲಿ ಇದೇ ಬಗೆಯ ಮೊದಲ ಪಾಠ ಇದೆ: 6 ವಸ್ತುಗಳನ್ನು ಗೂಟದಿಂದ ಗೂಟಕ್ಕೆ ದಾಟಿಸಿ ಮತ್ತೆ ತರಬೇಕು. ನಾನೂ ಕೂತೆ. ಕೈ ಬಲಕ್ಕೆ ಒಯ್ದರೆ ತುದಿ ಎಡಕ್ಕೆ ಹೋಗುತ್ತದೆ, ಕೆಳಗೊತ್ತಿದರೆ ಮೇಲೇಳುತ್ತದೆ. ಹತ್ತು ನಿಮಿಷದಲ್ಲಿ ಬೆವರು ಬಂತು, ಕಾಳು ಒಂದೂ ದಾಟಲಿಲ್ಲ. ಹೊಟ್ಟೆಯ ಗೋಡೆಯೇ ಇಲ್ಲಿ ಸನ್ನೆಕೋಲಿನ ಆನಿಕೆ. ಹುಡುಗರು ಇದಕ್ಕೆ ‘ಉಲ್ಟಾ ಹೊಡಿತೈತಿ’ ಎನ್ನುತ್ತಾರೆ. ಬಾವಿಯ ಏತ ನೋಡಿದವರಿಗೆ ‘ಏತದಾಟ’ ಎಂದರೆ ಸಾಕು, ಆದರೆ ಈಗ ಏತ ನೋಡಿದವರಾದರೂ ಎಷ್ಟು ಮಂದಿ?

ಈ ಪೆಟ್ಟಿಗೆಗೂ, ಕಂಪ್ಯೂಟರಿನೊಳಗೆ ಸುಳ್ಳು ಹೊಟ್ಟೆ ತೋರಿಸುವ ಸಿಮ್ಯುಲೇಟರಿಗೂ ಏನೆನ್ನುವುದು? ನಿಘಂಟಿನ ‘ಅನುಕಾರಿ’ ಯಾರ ಬಾಯಿಗೂ ಹತ್ತದು. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 9ನೇ ಅಧ್ಯಾಯ ಪೂರ್ತಿ ಇದೇ ವಿಷಯ: ಸೌತೆ, ಸೋರೆಗಳ ಮೇಲೆ ಕೊಯ್ಯುವುದನ್ನು, ದಪ್ಪ ಬಟ್ಟೆ, ಮೆದು ಚರ್ಮಗಳ ಮೇಲೆ ಹೊಲಿಯುವುದನ್ನು ಕಲಿ ಎನ್ನುತ್ತದೆ. ಆ ಅಭ್ಯಾಸಕ್ಕೆ ಅಲ್ಲಿನ ಹೆಸರು ‘ಯೋಗ್ಯಾ’. ವಿದ್ಯಾ ವಿದ್ಯೆಯಾದಂತೆ ಇದು ‘ಯೋಗ್ಯೆ’ ಆಗಬೇಕು. ಆದರೆ ಯೋಗ್ಯೆ ಎಂದೊಡನೆ ವಧು ಬೇಕಾಗಿದ್ದಾಳೆ ಎಂಬ ಜಾಹೀರಾತು ಓದಿದಂತಾಗುತ್ತದೆ.

ದಾವಣಗೆರೆಯವನಾಗಿ ನನ್ನ ಮತ ಗರಡಿಗೆ. ‘ಅವರ ಗರಡಿಯಲ್ಲಿ ಪಳಗಿದವರು’ ಎಂದು ಪೈಲ್ವಾನರಲ್ಲದವರಿಗೂ ಹೇಳುತ್ತೇವಲ್ಲ. ಆ ಪೆಟ್ಟಿಗೆ ‘ಗರಡಿಪೆಟ್ಟಿಗೆ’, ಸ್ಕಿಲ್ ಲ್ಯಾಬ್ ‘ಕೈಗರಡಿ’. ತರಬೇತಿ ಎಂಬುದಕ್ಕಿಂತ ‘ಕೈ ಪಳಗಿಸುವುದು’ ಹೆಚ್ಚು ನಿಜ. 2002ರಲ್ಲಿ ಪ್ರಕಟವಾದ ಯೇಲ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ 16 ಪಿ.ಜಿ.ಗಳಿದ್ದರು. ಕಂಪ್ಯೂಟರಿನ ಮುಂದೆ ಕೈ ಪಳಗಿಸಿಕೊಂಡು ಬಂದವರು ಪಿತ್ತಕೋಶ ಬಿಡಿಸುವುದನ್ನು ಶೇ. 29ರಷ್ಟು ಬೇಗ ಮುಗಿಸಿದರು. ಪಳಗದವರಿಂದ ಅಲ್ಲಿ ಗಾಯವೋ ಬೇಡದ ಕಡೆ ಸುಡುವುದೋ ಆಗುವ ಸಂಭವ ಐದು ಪಟ್ಟು. ಯಂತ್ರ ಹೊತ್ತನ್ನೂ ಕೈ ಸುಮ್ಮನೆ ಅಲೆದಾಡಿದ ದೂರವನ್ನೂ ಲೆಕ್ಕ ಹಾಕಿ ಅಂಕ ಕೊಡುತ್ತದೆ. ಈ ಅಂಕದ ಹೆಸರಾಗಿ ‘ಕೈಚಳಕ’ ಬರೆದಿದ್ದೆ, ಪತ್ರಿಕೆಗಳು ಅದನ್ನು ಸರಗಳ್ಳರಿಗೆ ಬಿಟ್ಟುಕೊಟ್ಟಿವೆ, ಹೊಡೆದು ಹಾಕಿದೆ. ‘ಕೈಗುಣ’ವೂ ಆಗದು, ಅದು ದೇವರು ಕೊಡುವ ಅಂಕ.

ಒಂದು ಕಡೆ ಮಾತ್ರ ಕಷ್ಟವೇ ಆಗಲಿಲ್ಲ. ಮೊದಲೇ ಕುಣಿಕೆ ಹಾಕಿದ ದಾರವನ್ನು ಒಳಗೆ ಇಳಿಸಿ, ಅಪೆಂಡಿಕ್ಸಿನ ಬುಡಕ್ಕೆ ತೊಡಿಸಿ ಜೀರುವುದಕ್ಕೆ ಇಂಗ್ಲಿಷಿನಲ್ಲಿ ಎರಡು ಸಾಲಿನ ವಿವರಣೆ ಇತ್ತು. ‘ಜೀರುಗುಣಿಕೆ’ ಎಂದು ಬರೆದೆ. ದನ ಕಟ್ಟಿದ ಮನೆಯ ಹುಡುಗರು ಓದಿದೊಡನೆ ತಲೆಯಾಡಿಸಿದರಂತೆ.

ಕೊನೆಯದಾಗಿ, ನಾನು ಪೂರ್ತಿ ಸೋತ ಪದ: ಹ್ಯಾಪ್ಟಿಕ್. 2001ರ ಸೆಪ್ಟೆಂಬರಿನಲ್ಲಿ ಜಾಕ್ ಮಾರೆಸ್ಕೋ ಎಂಬ ವೈದ್ಯರು ನ್ಯೂಯಾರ್ಕಿನಲ್ಲಿ ಕೂತು, ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಮಲಗಿದ್ದ ಹೆಂಗಸಿನ ಪಿತ್ತಕೋಶವನ್ನು ರೋಬೋಟಿನ ಕೈಯಿಂದ ತೆಗೆದರು. ಕೈ ಒಂದು ಖಂಡದಲ್ಲಿ, ಹೊಟ್ಟೆ ಇನ್ನೊಂದರಲ್ಲಿ. ದಾರ ಎಷ್ಟು ಬಿಗಿಯಾಯಿತೆಂದು ಕಣ್ಣಲ್ಲೇ ಅಳೆಯಬೇಕು. ಆ ಬಿಗಿಯನ್ನು ಕೈಗೆ ಮರಳಿ ತಲುಪಿಸುವ ತಂತ್ರಕ್ಕೆ ಈ ಪದ. ‘ಸ್ಪರ್ಶ’ ಎಂದರೆ ಚರ್ಮಕ್ಕೆ ತಾಗಿದ್ದು, ಇದು ಎಳೆತ, ತಡೆ, ಭಾರ. ಬಾವಿಗೆ ಕೊಡ ಬಿಟ್ಟಾಗ ತುಂಬಿದ್ದು ಹಗ್ಗ ಹಿಡಿದ ಕೈಗೆ ತಿಳಿಯುತ್ತದೆ, ಕತ್ತಲೆಯಲ್ಲಿ ಕಣ್ಣಿಗೆ ಕಾಣದು. ನಮ್ಮಮ್ಮ ‘ಕೈಗೆ ಜಗ್ಗು ಬಂತು, ಎಳಿ’ ಎನ್ನುತ್ತಿದ್ದಳು. ‘ಕೈಜಗ್ಗು’ ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ನಿಮ್ಮ ಕಡೆ ನೀರು ಸೇದುವವರು, ಗಾಳ ಹಾಕುವವರು ಇದಕ್ಕೆ ಏನೆನ್ನುತ್ತಾರೆ? ಹಾಳೆ ಪ್ರಿಂಟಿಗೆ ಹೋಗಲು ಇನ್ನೂ ಹತ್ತು ದಿನ ಇದೆ.