ಪೆನ್ನಿನ ಮೇಲೆ ಹೆಸರು ಹಾಕೋಕೆ ಲೇಸರ್ ಮೆಷಿನ್ ತಗೋಬೇಕಾ? ಬಳಸಿದವರು ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರ ಮನೆಯಲ್ಲೇ ಚಿಕ್ಕ ಲೇತ್ ಇಟ್ಟುಕೊಂಡು ಮರದ ಪೆನ್ನು ಮಾಡುತ್ತೇನೆ. ತಿಂಗಳಿಗೆ ಮೂವತ್ತು ನಲವತ್ತು ಪೆನ್ನು ಹೋಗುತ್ತವೆ. ಈಗ ಕೇಳುವವರೆಲ್ಲ ಹೆಸರು ಹಾಕಿಕೊಡಿ ಅಂತಾರೆ, ಅದೂ ಕನ್ನಡದಲ್ಲಿ. ಆನ್‌ಲೈನಲ್ಲಿ ಚಿಕ್ಕ ಲೇಸರ್ ಮೆಷಿನ್ ನೋಡಿದೆ. ಒಂದರ ಮೇಲೆ 40 ವಾಟ್ ಅಂತಿದೆ, ಇನ್ನೊಂದರ ಮೇಲೆ 10 ವಾಟ್. ಬೆಲೆ ಹೆಚ್ಚುಕಡಿಮೆ ಒಂದೇ. ಯಾವುದು ಒಳ್ಳೆಯದು? ಪೆನ್ನು ತಿರುಗಿಸುವ ರೋಟರಿಯೂ ಬೇಕೇ ಬೇಕಾ? ಮನೆಯಲ್ಲಿ ಆರು ವರ್ಷದ ಮಗ ಇದ್ದಾನೆ, ಆ ಯೋಚನೆಯೂ ಇದೆ.

ಮೊದಲ ಉತ್ತರ, ಚನ್ನಪಟ್ಟಣದಿಂದ

ಅಕ್ಕಾ, ಮೆಷಿನ್ ಈಗಲೇ ತಗೋಬೇಡಿ. ಮೊದಲು ನಾಲ್ಕಾರು ತಿಂಗಳು ಹೊರಗೆ ಮಾಡಿಸಿ. ರಬ್ಬರ್ ಸ್ಟಾಂಪ್ ಮಾಡುವ ಅಂಗಡಿ, ಶೀಲ್ಡು ಮೊಮೆಂಟೊ ಮಾಡುವ ಅಂಗಡಿಗಳಲ್ಲಿ ವಿಚಾರಿಸಿ. ರಬ್ಬರ್ ಸ್ಟಾಂಪನ್ನು ಈಗ ಬಹಳ ಕಡೆ ಸಿಓ2 (ಕಾರ್ಬನ್ ಡೈಆಕ್ಸೈಡ್ ಅನಿಲದ) ಲೇಸರಿನಲ್ಲೇ ಕೆತ್ತುತ್ತಾರೆ. ಅದೇ ಮೆಷಿನ್ ಮರಕ್ಕೂ ಚೆನ್ನಾಗಿ ಆಗುತ್ತದೆ. ಪೆನ್ನಿನ ಜೊತೆ ಅದೇ ಮರದ ಒಂದು ಚೂರು ಕೊಟ್ಟು, ಮೊದಲು ಅದರ ಮೇಲೆ ಹೊಡೆದು ತೋರಿಸಿ ಅನ್ನಿ. ನಾನು ಒಂದು ವರ್ಷ ಹೀಗೇ ಮಾಡಿಸಿದೆ. ನನಗೆ ಯಾವ ಮೆಷಿನ್ ಬೇಕು ಅಂತ ಗೊತ್ತಾಗಿದ್ದೇ ಆಮೇಲೆ.

ವಾಟಿನ ವಿಷಯ. ಆ 40 ಅನ್ನೋದು ಎಷ್ಟೋ ಸಲ ಮೆಷಿನ್ ಎಳೆಯುವ ಕರೆಂಟಿನ ಲೆಕ್ಕ. ಅದರಿಂದ ಹೊರಬರುವ ಬೆಳಕು 5ರಿಂದ 10 ವಾಟ್ ಇರಬಹುದು, ಅಷ್ಟೇ. 'ಆಪ್ಟಿಕಲ್ ಪವರ್' ಎಷ್ಟು ಅಂತ ಮಾರುವವರನ್ನು ಕೇಳಿ. ಮರದ ಮೇಲೆ ಹೆಸರು ಸುಡೋಕೆ ನಿಜವಾದ 5 ವಾಟ್ ಸಾಕು.

ಮರ ಯಾವುದು ಅನ್ನೋದು ಮೆಷಿನ್‌ಗಿಂತ ಮುಖ್ಯ. ನಮ್ಮ ಕಡೆಯ ಆಲೆ ಮರ ಬಿಳಿ, ಎಳೆ ನಯ. ಅದರ ಮೇಲೆ ಅಕ್ಷರ ಕಡು ಕಂದಾಗಿ ಎದ್ದು ಕಾಣುತ್ತದೆ. ತೇಗದಲ್ಲಿ ಒಂದು ಎಳೆ ಗಟ್ಟಿ, ಒಂದು ಎಳೆ ಮೆತ್ತಗೆ. ಹಾಗಾಗಿ ಒಂದೇ ಗೆರೆ ಒಂದು ಕಡೆ ಆಳ, ಇನ್ನೊಂದು ಕಡೆ ಬರೀ ಮೇಲುಮೇಲೆ ಆಗುತ್ತದೆ. ಬೀಟೆಯ ಮೇಲೆ ಸುಟ್ಟರೆ ಕಪ್ಪಿನ ಮೇಲೆ ಕಪ್ಪು, ಓದೋಕೇ ಆಗಲ್ಲ. ಅದಕ್ಕೆ ಸ್ವಲ್ಪ ಆಳ ಕೆತ್ತಿಸಿ ಚಿನ್ನದ ಬಣ್ಣದ ಅಕ್ರಿಲಿಕ್ ಪೇಂಟ್ ತುಂಬಿ, ಮೇಲಿನದನ್ನು ಬಟ್ಟೆಯಲ್ಲಿ ಒರೆಸಬೇಕು. ಇನ್ನೊಂದು ಮಾತು. ಪಾಲಿಶ್ ಮಾಡದ ಮರದ ಮೇಲೆ ಹೊಡೆಸಬೇಡಿ. ಹೊಗೆಯ ಮಸಿ ಎಳೆಯೊಳಗೆ ಹೋಗಿ ಕೂತರೆ ಬರಲ್ಲ. ಮೊದಲು ಪಾಲಿಶ್ ಮಾಡಿ, ಮೇಲೆ ಪೇಪರ್ ಟೇಪ್ ಅಂಟಿಸಿ, ಟೇಪಿನ ಮೇಲೇ ಹೊಡೆಸಿ.

ನಮ್ಮೂರಿನ ಅರಗಿನ ಬಣ್ಣದ ಪೆನ್ನಿನಲ್ಲಿ ನನಗೆ ಮೊದಲ ಪಾಠ ಆಯಿತು. ಕೆಂಪು ಅರಗು, ತಾಳೆ ಗರಿಯಲ್ಲಿ ಉಜ್ಜಿ ಕನ್ನಡಿ ಹಾಗೆ ಹೊಳೆಯುತ್ತಿತ್ತು. ಲೇಸರ್ ಹೊಡೆದು ತೆಗೆದರೆ ಅಕ್ಷರದ ಎರಡೂ ಬದಿ ಅರಗು ಕರಗಿ ಸಣ್ಣ ಬದುವಿನ ಹಾಗೆ ಎದ್ದು ನಿಂತಿದೆ! ಉಗುರಾಡಿಸಿದರೆ ತಾಗುತ್ತದೆ. ಲೇತಿನ ಮೇಲೆ ತಿರುಗುವ ಮರಕ್ಕೆ ಒತ್ತಿ ಹಿಡಿದರೆ ಆ ತಿಕ್ಕಾಟದ ಬಿಸಿಗೇ ಕರಗಿ ಹತ್ತುವ ವಸ್ತು ಅರಗು. ಲೇಸರ್ ಬಿಸಿ ಎಲ್ಲಿ ತಡೆಯುತ್ತೆ? ಈಗ ಹೆಸರು ಬರುವ ಜಾಗದಲ್ಲಿ ಒಂದು ಬೆರಳಗಲ ಪಟ್ಟಿಗೆ ಅರಗು ಹಚ್ಚುವುದಿಲ್ಲ. ಬರಿ ಮರಕ್ಕೆ ತೆಳ್ಳಗೆ ಪಾಲಿಶ್ ಕೊಟ್ಟು ಅಲ್ಲಿ ಸುಡುತ್ತೇನೆ. ಕೆಂಪು ಪೆನ್ನಿನ ನಡುವೆ ಆ ಬಿಳಿ ಪಟ್ಟಿ ಎಷ್ಟು ಚೆಂದ ಕಾಣುತ್ತೆ ಗೊತ್ತಾ, ಈಗ ಜನ ಅದನ್ನೇ ಕೇಳುತ್ತಾರೆ.

ಕನ್ನಡ ಅಕ್ಷರದ ವಿಷಯವನ್ನು ಬಿಡಿಸಿ ಹೇಳಬೇಕು. ಒಬ್ಬ ಟೀಚರ್ ನಿವೃತ್ತಿಗೆ ಹನ್ನೆರಡು ಪೆನ್ನು, ಎಲ್ಲದರ ಮೇಲೂ 'ಲಕ್ಷ್ಮಿ'. ಹೆಸರನ್ನು ವಾಟ್ಸಾಪಿನಲ್ಲಿ ಟೈಪ್ ಮಾಡಿ ಕಳಿಸಿದೆ. ಅಂಗಡಿಯವರು ಅದನ್ನೇ ತಮ್ಮ ಸಾಫ್ಟ್‌ವೇರಿಗೆ ಹಾಕಿಕೊಂಡರು. ಅದಕ್ಕೆ ಒತ್ತಕ್ಷರ ಕೂಡಿಸೋಕೆ ಬರಲಿಲ್ಲ. ಪೆನ್ನು ಬಂದಾಗ ಲ, ಕ್, ಷ್, ಮಿ ಒಂದೊಂದೂ ಬೇರೆ ಬೇರೆ ನಿಂತಿದ್ದವು. ಹನ್ನೆರಡರಲ್ಲೂ. ಒಂದೊಂದನ್ನೂ ಮತ್ತೆ ಲೇತಿಗೆ ಹಾಕಿ ಉಜ್ಜಿದೆ. ಅಕ್ಷರ ಹೋಗುವಷ್ಟು ಉಜ್ಜಿದಾಗ ಮರ ಲೋಹದ ಉಂಗುರಕ್ಕಿಂತ ತಗ್ಗಾಯಿತು. ಹಿಡಿದು ಬರೆದರೆ ಬೆರಳಿಗೆ ಮೆಟ್ಟಿಲು ಸಿಗುತ್ತಿತ್ತು. ಎಲ್ಲಾ ಹೊಸದಾಗಿ ಮಾಡಿಕೊಟ್ಟೆ.

ಅವತ್ತಿನಿಂದ ನಾನು ಹೆಸರು ಟೈಪ್ ಮಾಡಿ ಕಳಿಸುವುದಿಲ್ಲ. ಇಂಕ್‌ಸ್ಕೇಪ್ ಅಂತ ಒಂದು ಸಾಫ್ಟ್‌ವೇರ್ ಇದೆ, ದುಡ್ಡು ಕೊಡಬೇಕಿಲ್ಲ. ಅದರಲ್ಲಿ ಯೂನಿಕೋಡ್ ಫಾಂಟಿನಲ್ಲಿ ಬರೆದು, ಪಾತ್ ಮೆನುವಿನಲ್ಲಿ 'ಆಬ್ಜೆಕ್ಟ್ ಟು ಪಾತ್' ಒತ್ತಿ. ಅಕ್ಷರ ಬರೀ ಗೆರೆಯ ಚಿತ್ರ ಆಗುತ್ತದೆ. ಆಮೇಲೆ ಯಾವ ಕಂಪ್ಯೂಟರಿನಲ್ಲಿ ತೆರೆದರೂ ಒತ್ತು ಕಳಚಲ್ಲ. ಅದನ್ನು ಎಸ್‌ವಿಜಿ (ಗೆರೆಯ ಚಿತ್ರ ಉಳಿಸುವ ಬಗೆಯ) ಫೈಲ್ ಮಾಡಿ ಕೊಡಿ. ಅದರ ಫೋಟೊ ಒಂದನ್ನು ಗಿರಾಕಿಗೂ ಕಳಿಸಿ, 'ಸರಿ ಇದೆ' ಅಂತ ಬರಹದಲ್ಲಿ ಉತ್ತರ ಬಂದ ಮೇಲೇ ಹೊಡೆಸಿ.

ಅಳತೆಯಲ್ಲೂ ಜಿಪುಣತನ ಬೇಡ. ಇಂಗ್ಲಿಷ್ ಹೆಸರಿಗೆ 3 ಮಿ.ಮೀ. ಎತ್ತರ ಸಾಕು. ಕನ್ನಡದಲ್ಲಿ ಮೇಲೆ ಗುಣಿತ, ಕೆಳಗೆ ಒತ್ತು. ಒಟ್ಟು 5 ಮಿ.ಮೀ. ಕೊಟ್ಟರೇ ನಡುವಿನ ಅಕ್ಷರಕ್ಕೆ ಉಸಿರಾಡೋಕೆ ಜಾಗ. ಇಷ್ಟಕ್ಕೆ ರೋಟರಿ ಬೇಕಿಲ್ಲ. 12 ಮಿ.ಮೀ. ದಪ್ಪದ ಪೆನ್ನಿನ ಉದ್ದಕ್ಕೆ ಬರೆದರೆ, ಅಕ್ಷರದ ಅಂಚಿನಲ್ಲಿ ಬರುವ ಇಳಿಜಾರು ಸುಮಾರು ಅರ್ಧ ಮಿ.ಮೀ. ಮಾತ್ರ. ಫೋಕಸ್ಸನ್ನು ನೆತ್ತಿಗೂ ಅಂಚಿಗೂ ನಡುವೆ ಇಟ್ಟರೆ ಸರಿಹೋಗುತ್ತೆ. ಪೆನ್ನಿನ ಸುತ್ತ ಬಳ್ಳಿ, ಹೂವು ಬೇಕು ಅಂದಾಗ ರೋಟರಿ ಯೋಚನೆ ಮಾಡಿ. ಆಗಲೂ ರೋಲರ್ ಮೇಲೆ ಉರುಳುವುದು ಬೇಡ, ಚಕ್ಕಿನಲ್ಲಿ, ಅಂದರೆ ತುದಿಯನ್ನು ಬಿಗಿಯಾಗಿ ಕಚ್ಚುವ ದವಡೆಯಲ್ಲಿ, ಹಿಡಿಯುವುದೇ ತಗೊಳ್ಳಿ. ತುದಿ ಸಣ್ಣಗಾದ ಪೆನ್ನು ರೋಲರ್ ಮೇಲೆ ಪಕ್ಕಕ್ಕೆ ಜಾರುತ್ತದೆ.

ಎರಡನೇ ಉತ್ತರ, ಬೆಂಗಳೂರಿನಿಂದ

ಮೇಲೆ ಹೇಳಿದ್ದೆಲ್ಲ ಸರಿ ಇದೆ ಮೇಡಂ. ನಾನು ಲೋಹದ ಕೆಲಸ ಮಾಡುತ್ತೇನೆ, ಅದನ್ನಷ್ಟೇ ಸೇರಿಸುತ್ತೇನೆ. ಲೇಪನ ಇಲ್ಲದ ಹಿತ್ತಾಳೆ, ಸ್ಟೀಲ್ ಕ್ಲಿಪ್ ಮೇಲೆ ಚೆನ್ನಾಗಿ ಬರೆಯೋಕೆ ಫೈಬರ್ ಲೇಸರ್ (ಲೋಹಕ್ಕೆ ಬಳಸುವ ಬೇರೆ ಬಗೆ) ಬೇಕು. ನೀವು ನೋಡಿದಂಥ ಚಿಕ್ಕ ಮೆಷಿನ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ನೀಲಿ ಡಯೋಡ್ ಲೇಸರ್; ಅದರಲ್ಲಿ ಹಿತ್ತಾಳೆ ಸರಿಯಾಗಿ ಬರಲ್ಲ, ಬೆಳಕು ಬಹಳಷ್ಟು ವಾಪಸ್ ಚಿಮ್ಮುತ್ತೆ, ಸ್ಟೀಲ್ ಮೇಲೆ ಹೆಚ್ಚು ಶಕ್ತಿಯದಾದರೆ ಗುರುತು ಬೀಳಬಹುದು ಅಷ್ಟೇ. ನೀಲಿ ಡಯೋಡ್ ಪಾರದರ್ಶಕ ಅಕ್ರಿಲಿಕ್ ಮೇಲೂ ಬರೆಯಲ್ಲ, ಬೆಳಕು ಆಚೆ ದಾಟಿಹೋಗುತ್ತೆ.

ಎಬೊನೈಟ್ ಪೆನ್ನು ಮಾಡುವವರು ಯಾರಾದರೂ ಓದುತ್ತಿದ್ದರೆ: ಅದು ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರ್, ಸುಟ್ಟರೆ ಗಂಧಕದ ಹೊಗೆಯೇ ಬರುತ್ತದೆ. ಹೊಗೆ ಹೊರಗೆಳೆಯುವ ಫ್ಯಾನ್ ಇಲ್ಲದೆ ಮುಟ್ಟಬೇಡಿ. ಹಳೇ ಸೆಲ್ಯುಲಾಯ್ಡ್ ಪೆನ್ನನ್ನಂತೂ ಲೇಸರ್ ಹತ್ತಿರ ತರಲೇಬೇಡಿ, ಧಗ್ಗನೆ ಹತ್ತಿಕೊಳ್ಳುತ್ತೆ. ಪೆನ್ನಿನ ಪೌಚಿನ ಮೇಲೂ ಹೆಸರು ಕೇಳುತ್ತಾರೆ ಅಲ್ವಾ, ಅದು ರೆಕ್ಸಿನ್ ಆಗಿದ್ದರೆ ಬೇಡ ಅನ್ನಿ. ರೆಕ್ಸಿನ್ ಎಷ್ಟೋ ಸಲ ಪಿವಿಸಿ ಪ್ಲಾಸ್ಟಿಕ್ಕಿನದು, ಅದನ್ನು ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಎದೆಗೂ ಕೆಟ್ಟದ್ದು, ಮೆಷಿನ್ನಿಗೂ ತುಕ್ಕು ಹಿಡಿಸುತ್ತೆ.

ಮತ್ತೆ ಕೇಳಿದ್ದು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಶಿವಮೊಗ್ಗದಲ್ಲಿ ಮೊದಲು ಮಾಡಿಸಿ ನೋಡುತ್ತೇನೆ. ಮುಂದೆ ತಗೊಂಡರೆ ಮಗನ ವಿಷಯದಲ್ಲಿ ಏನು ಎಚ್ಚರ?

ಚನ್ನಪಟ್ಟಣದಿಂದ

ತೆರೆದ ಮೆಷಿನ್ ಬೇಡವೇ ಬೇಡ ಅಕ್ಕಾ. ಪೂರ್ತಿ ಮುಚ್ಚಳ ಇರುವುದು, ಮುಚ್ಚಳ ಎತ್ತಿದ ಕೂಡಲೇ ಲೇಸರ್ ನಿಲ್ಲುವುದು, ಬೀಗದ ಕೈ ಇರುವುದು ನೋಡಿ. ಕೀ ನಿಮ್ಮ ಹತ್ತಿರವೇ ಇರಲಿ. ಕನ್ನಡಕ ಆಯಾ ಬೆಳಕಿಗೆ ಬೇರೆ ಬೇರೆ. ನೀಲಿ ಡಯೋಡಿಗೆ 450 ನ್ಯಾನೋಮೀಟರ್ ತಡೆಯುತ್ತೆ ಅಂತ ಬರೆದಿರಬೇಕು. ಮೆಷಿನ್ ಓಡುವಾಗ ಒಲೆ ಮೇಲಿನ ಹಾಲು ನೋಡಿ ಬರ್ತೀನಿ ಅಂತಲೂ ಏಳಬೇಡಿ, ಮರ ಹತ್ತಿಕೊಳ್ಳೋಕೆ ಒಂದು ನಿಮಿಷ ಸಾಕು. ಮತ್ತೆ ಯುಪಿಎಸ್ ಹಾಕಿಸಿ. ನಿಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೇಗೆ ಅಂತ ನಿಮಗೇ ಗೊತ್ತು. ಅರ್ಧ ಹೆಸರಿಗೆ ಕರೆಂಟ್ ಹೋದರೆ ಉಳಿದರ್ಧ ಅದೇ ಜಾಗಕ್ಕೆ ಬಂದು ಕೂರಲ್ಲ.

ಮೊದಲ ಪೆನ್ನಿನ ಫೋಟೊ ಇಲ್ಲೇ ಹಾಕಿ, ಒತ್ತು ಸರಿಯಾಗಿ ಬಂದಿದೆಯಾ ನಾನೂ ನೋಡುತ್ತೇನೆ.