ಲ್ಯಾವೆಂಡರ್ ಬಂಗುಡೆ

ಬೆಂಗಳೂರಿನಲ್ಲಿರುವ ಮಗಳು ಊರಿಗೆ ಬರುವಾಗಲೆಲ್ಲ ಒಂದು ಪರಿಮಳದ ಕ್ಯಾಂಡಲ್ ತರುತ್ತಾಳೆ. ದಪ್ಪ ಗಾಜಿನ ಗ್ಲಾಸು, ಒಳಗೆ ಮೇಣ, ಹೊರಗೆ ಲ್ಯಾವೆಂಡರ್ ಅಂತ ಚೀಟಿ. ಮಳೆಗಾಲದಲ್ಲಿ ಮಂಗಳೂರಿನ ಬಿಜೈಯ ನಮ್ಮ ಮನೆಗೆ ಅದು ಬೇಕೇ ಬೇಕು. ಕರೆಂಟು ಹೋದರೆ ಬೆಳಕಾಯಿತು, ಒಣಗದ ಬಟ್ಟೆಯ ವಾಸನೆಗೆ ಮದ್ದೂ ಆಯಿತು. ಆದರೆ ಮೇಣ ಪೂರ್ತಿ ಮುಗಿಯುವುದೇ ಇಲ್ಲ. ತಳದಲ್ಲಿ ಒಂದು ಬೆರಳು ದಪ್ಪ ಉಳಿದು, ಬತ್ತಿ ಅದರಲ್ಲೇ ಮುಳುಗಿ ಪ್ರಾಣ ಬಿಡುತ್ತದೆ. ಹಾಗಂತ ಗ್ಲಾಸನ್ನು ಎಸೆಯುವುದುಂಟಾ? ಹಾರ್ಲಿಕ್ಸ್ ಬಾಟಲಿಯಲ್ಲಿ ಅಜ್ಜಿಯ ಕಾಲದಿಂದ ಸಾಸಿವೆ ತುಂಬಿಸಿಕೊಂಡು ಬಂದ ಮನೆ ಇದು.

ಹೀಗೆ ಕಿಟಕಿಯಲ್ಲಿ 11 ಗ್ಲಾಸು ಸಾಲಾಗಿ ಕೂತಿದ್ದವು. ಜುಲೈ ತಿಂಗಳ ಒಂದು ಭಾನುವಾರ ಚಾ ಕುಡಿಯಲಿಕ್ಕೆ ಶೆಟ್ರು, ಪಕ್ಕದ ಮನೆಯ ಬಾಯಿ (ಕ್ರಿಶ್ಚಿಯನ್ ಹೆಂಗಸರನ್ನು ನಮ್ಮಲ್ಲಿ ಹಾಗೇ ಕರೆಯುವುದು), ನಿವೃತ್ತ ಕೆಮಿಸ್ಟ್ರಿ ಮಾಷ್ಟ್ರು ಮೂವರೂ ಬಂದರು. ಹೊರಗೆ ಧೋ ಅಂತ ಮಳೆ. ಗೋಳಿಬಜೆಯ ಮೊದಲ ಪ್ಲೇಟು ಮುಗಿಯುವಷ್ಟರಲ್ಲಿ ಮೂವರ ಕಣ್ಣೂ ಆ ಗ್ಲಾಸುಗಳ ಮೇಲೆ ಬಿತ್ತು.

"ಎಂತ ಮಾರ್ರೆ ಇದು, ಅಂಗಡಿ ಇಟ್ಟಿದ್ದೀರಾ?" ಅಂದರು ಶೆಟ್ರು.

"ತೊಳೀಲಿಕ್ಕೆ ಇಟ್ಟದ್ದು. ಚೂರಿಯಲ್ಲಿ ಕೆರೆದು ನೋಡಿದೆ, ಮೇಣ ಬರುವುದಿಲ್ಲ. ಬೆರಳು ಮಾತ್ರ ಕೊಯ್ದುಕೊಂಡೆ."

ಬಾಯಿ ನಕ್ಕರು. "ಮೇಣದ ವಿಷಯ ನಮ್ಮತ್ರ ಕೇಳಬೇಕು. ನವೆಂಬರ್ 2ಕ್ಕೆ ಸಮಾಧಿ ಹತ್ತಿರ ಕ್ಯಾಂಡಲ್ ಹಚ್ಚಿ ಹಚ್ಚಿ, ಮೇಣ ಬೀಳದ ಸೀರೆ ನನ್ನತ್ರ ಒಂದೂ ಇಲ್ಲ. ಸೀರೆಗಾದರೆ ಮೇಲೊಂದು ಕಾಗದ, ಕೆಳಗೊಂದು ಕಾಗದ ಇಟ್ಟು ಹದ ಬಿಸಿ ಇಸ್ತ್ರಿ ಎಳೀಬೇಕು. ಮೇಣ ಕರಗಿ ಕಾಗದಕ್ಕೆ ಹೋಗ್ತದೆ. ಗ್ಲಾಸಿಗಾದರೆ ಫ್ರೀಜರ್. ಮೂರು ನಾಲ್ಕು ಗಂಟೆ ಇಡಿ. ಮತ್ತೆ ತಲೆಕೆಳಗೆ ಮಾಡಿ ತಟ್ಟಿ, ಬಿಲ್ಲೆಯ ಹಾಗೆ ಬೀಳ್ತದೆ."

"ತಣ್ಣಗಾದಾಗ ಮೇಣ ಗಾಜಿಗಿಂತ ಜಾಸ್ತಿ ಕುಗ್ಗುತ್ತದೆ. ಹಾಗಾಗಿ ಗೋಡೆ ಬಿಟ್ಟು ಈಚೆ ಬರುತ್ತದೆ" ಅಂತ ಮಾಷ್ಟ್ರು ಕಾರಣ ಕೊಟ್ಟರು. ಕಾರಣ ಕೊಡದೆ ಅವರಿಗೆ ಚಾ ಇಳಿಯುವುದಿಲ್ಲ.

ಒಳಗಿನಿಂದ ನನ್ನ ಹೆಂಡತಿಯ ಸ್ವರ ಬಂತು. "ಫ್ರೀಜರ್ ಮುಟ್ಟಿದರೆ ನೋಡಿ!"

ಅವಳದ್ದೂ ತಪ್ಪಲ್ಲ. ಜೂನ್ 1ರಿಂದ ಜುಲೈ 31ರ ವರೆಗೆ ಮೀನು ಹಿಡಿಯುವ ಟ್ರಾಲ್ ಬೋಟುಗಳಿಗೆ ರಜೆ. ಆ ಬರಗಾಲದಲ್ಲಿ ಎಲ್ಲಿಂದಲೋ ಸಿಕ್ಕಿದ ಒಂದು ಕೆಜಿ ಬಂಗುಡೆ ಮೀನು ಒಳಗೆ ಮಲಗಿತ್ತು. ಬ್ಯಾಂಕ್ ಲಾಕರಿನ ಚಿನ್ನಕ್ಕೂ ನಮ್ಮಲ್ಲಿ ಅಷ್ಟು ಕಾವಲಿಲ್ಲ.

"ಹೌದು ಮಾರಾಯ, ನಾಳೆ ಮೀನಿನ ಪುಳಿಮುಂಚಿಗೆ ಲ್ಯಾವೆಂಡರ್ ಪರಿಮಳ ಬಂದರೆ ಎಂತ ಮಾಡುವುದು?" ಶೆಟ್ರು ನಿಜವಾಗಿ ಹೆದರಿದ್ದರು. "ಫ್ರೀಜರ್ ಬೇಡ. ಸೀದಾ ಗ್ಯಾಸಿನ ಮೇಲೆ ಇಡುವ."

"ಅಯ್ಯೋ, ಬೇಡ!" ಮಾಷ್ಟ್ರು ಗೋಳಿಬಜೆ ಕೆಳಗಿಟ್ಟರು. ಅವರು ಗೋಳಿಬಜೆ ಕೆಳಗಿಟ್ಟರೆ ವಿಷಯ ಗಂಭೀರ ಅಂತಲೇ ಅರ್ಥ. "ಮೊದಲು ಗ್ಲಾಸು ಒಡೆಯುತ್ತದೆ, ಆಮೇಲೆ ಮೇಣಕ್ಕೆ ಬೆಂಕಿ ಹಿಡಿಯುತ್ತದೆ. ಉರಿಯುವ ಮೇಣಕ್ಕೆ ನೀರು ಹೊಯ್ದಿರೋ, ಕಾದ ಎಣ್ಣೆಗೆ ಹೊಯ್ದ ಹಾಗೇ ಸೂರಿಗೆ ಹಾರುತ್ತದೆ."

"ಮೈಕ್ರೋವೇವ್?" ಅಂದೆ ನಾನು.

"ಬತ್ತಿಯ ಬುಡದಲ್ಲಿ ತಗಡಿನ ಬಿಲ್ಲೆ ಉಂಟಲ್ಲ. ಒಳಗೆ ದೀಪಾವಳಿ ಆಗ್ತದೆ."

ಮಾಷ್ಟ್ರ ದಾರಿ ಬೇರೆ. ಇಡ್ಲಿಯ ಅಟ್ಟಿನಳಗೆಯಲ್ಲಿ ನೀರು ಬಿಸಿ ಮಾಡಬೇಕು, ಗ್ಯಾಸು ಆರಿಸಬೇಕು, ತಳಕ್ಕೊಂದು ಹಳೆ ಬೈರಾಸು ಹಾಸಿ ಗ್ಲಾಸನ್ನು ಕೂರಿಸಬೇಕು. ಮೇಣ ಸಾಮಾನ್ಯವಾಗಿ 50ರಿಂದ 65 ಡಿಗ್ರಿಯೊಳಗೆ ಕರಗುತ್ತದೆ, ನೀರು ಕುದಿಯುವುದೇ ಬೇಡ. ಕರಗಿದ್ದನ್ನು ಹಳೆ ಡಬ್ಬಿಗೆ ಬಗ್ಗಿಸಿ, ಬಿಸಿ ಇರುವಾಗಲೇ ಪೇಪರಿನಲ್ಲಿ ಒರೆಸಿದರೆ ಮಸಿಯೂ ಹೋಗುತ್ತದೆ. ಸಿಂಕಿಗೆ ಮಾತ್ರ ಹೊಯ್ಯಬಾರದು, ಪೈಪಿನೊಳಗೆ ತಣಿದು ಪುನಃ ಕ್ಯಾಂಡಲ್ ಆಗಿ ಕೂರುತ್ತದೆ.

"ಇಡ್ಲಿಯ ಪಾತ್ರೆಗಾ?" ಒಳಗಿನಿಂದ ಮತ್ತೆ ಸ್ವರ.

ಮಾಷ್ಟ್ರು ಸೋಲಲಿಲ್ಲ. "ನೋಡಿ, ಕ್ಯಾಂಡಲ್ ಅಂದರೆ ಸಣ್ಣ ವಿಷಯ ಅಲ್ಲ. 1860ರ ಕ್ರಿಸ್‌ಮಸ್ ರಜೆಯಲ್ಲಿ ಲಂಡನಿನ ರಾಯಲ್ ಇನ್‌ಸ್ಟಿಟ್ಯೂಶನಿನಲ್ಲಿ ವಿಜ್ಞಾನಿ ಫ್ಯಾರಡೆ ಮಕ್ಕಳಿಗೆ ಬರೀ ಕ್ಯಾಂಡಲ್ ಬಗ್ಗೆ 6 ಉಪನ್ಯಾಸ ಶುರು ಮಾಡಿದ!"

"ಆರರಲ್ಲಿ ಒಂದಾದರೂ ಗ್ಲಾಸು ತೊಳೆಯುವುದರ ಬಗ್ಗೆ ಉಂಟಾ?" ಬಾಯಿ ಕೇಳಿದರು.

ಮಾಷ್ಟ್ರು ಗೋಳಿಬಜೆ ಪುನಃ ಎತ್ತಿಕೊಂಡರು.

ಆಗ ಶೆಟ್ರು ಮೆಲ್ಲಗೆ ಒಂದು ಸತ್ಯ ಹೊರಗೆ ಹಾಕಿದರು. ಹೋದ ತಿಂಗಳು ನಾನೇ ಅವರಿಗೆ ಎರಡು ಗ್ಲಾಸು ಕೊಟ್ಟಿದ್ದೆ. ಒಂದು ಮದ್ದಿಗಿಂತ ಎರಡು ಮದ್ದು ಒಳ್ಳೆಯದಲ್ವಾ ಅಂತ, ರಾತ್ರಿಯಿಡೀ ಫ್ರೀಜರಿನಲ್ಲಿಟ್ಟ ಗ್ಲಾಸಿಗೆ ಬೆಳಿಗ್ಗೆ ಹಂಡೆಯ ಕುದಿಯುವ ನೀರು ಹೊಯ್ದರಂತೆ. ಟಿಕ್ ಅಂತ ಒಂದೇ ಶಬ್ದ. ಮಾಷ್ಟ್ರು ಬಾಯಿ ತೆರೆದರು. ಶೆಟ್ರು ಕೈ ಅಡ್ಡ ಹಿಡಿದರು: "ಗೊತ್ತುಂಟು. ಒಳಗೆ ಹಿಗ್ಗಿತು, ಹೊರಗೆ ಹಿಗ್ಗಲಿಲ್ಲ. ಹೆಂಡತಿಯೂ ಅದನ್ನೇ ಹೇಳಿದಳು, ಸ್ವಲ್ಪ ಬೇರೆ ಮಾತಿನಲ್ಲಿ."

ಕೊನೆಗೆ ಬಟ್ಟೆ ನೆನೆಸುವ ಹಳೆ ಅಲ್ಯೂಮಿನಿಯಂ ಪಾತ್ರೆಯಲ್ಲಿ ಮಾಷ್ಟ್ರ ದಾರಿಯೇ ಹಿಡಿದೆವು. ಸುಳ್ಳು ಹೇಳಬಾರದು, ಚೆನ್ನಾಗಿಯೇ ಆಯಿತು. ಚೀಟಿಯ ಅಂಟು ಬಿಡಿಸಲಿಕ್ಕೆ ತೆಂಗಿನೆಣ್ಣೆಗೆ ಸೋಡಾ ಹುಡಿ ಕಲಸಿ ಹಚ್ಚಿ ಅಂದರು ಬಾಯಿ. ಅರ್ಧ ಗಂಟೆ ಬಿಟ್ಟು ಉಜ್ಜಿದಾಗ ಅದೂ ಬಂತು. ಸಂಜೆಗೆ 11 ಗ್ಲಾಸು ಫಳಫಳ.

ಆಮೇಲೆ ಗೊತ್ತಾಯಿತು, ಒಂದಕ್ಕೂ ಮುಚ್ಚಳ ಇಲ್ಲ. ಮಳೆಗಾಲದ ಮಂಗಳೂರಿನಲ್ಲಿ ಮುಚ್ಚಳ ಇಲ್ಲದ ಗ್ಲಾಸಿನಲ್ಲಿ ಎಂತ ಇಡುವುದು? ಬೂಸ್ಟು ಹಿಡಿಯದ ವಸ್ತು ಈ ಊರಲ್ಲಿ ಕಲ್ಲು ಮಾತ್ರ. ಜೀರಿಗೆ ಇಟ್ಟು ಮೇಲೆ ತಟ್ಟೆ ಮುಚ್ಚುವ ಅಂದೆ. ಪರಿಮಳದ ಮೇಣ ಇದ್ದ ಗ್ಲಾಸಿಗೆ ತಿನ್ನುವ ವಸ್ತು ಬೇಡ ಅಂದರು ಮಾಷ್ಟ್ರು. ಚಾ ಕುಡಿಯುವ ಅಂದೆ. ಬಿಸಿಗೆ ತಡೆಯುವ ಗಾಜು ಅಂತ ಏನು ಗ್ಯಾರಂಟಿ ಅಂದರು. ಈಗ ಒಂದರಲ್ಲಿ ಸೇಫ್ಟಿ ಪಿನ್ನು, ಒಂದರಲ್ಲಿ ಹಳೆ ಪೆನ್ನು ಉಂಟು. ಉಳಿದ 9 ಪುನಃ ಕಿಟಕಿಯಲ್ಲೇ ಕೂತಿವೆ, ಸ್ವಚ್ಛವಾಗಿ.

ಡಬ್ಬಿಯಲ್ಲಿ ತಣಿದ ಮೇಣವನ್ನು ಶೆಟ್ರು ಕೊಂಡುಹೋದರು. ಅವರ ಬಚ್ಚಲ ಬಾಗಿಲು ಪ್ರತಿ ಮಳೆಗಾಲ ಉಬ್ಬುತ್ತದೆ, ಎರಡು ಜನ ದೂಡಿದರೂ ಹಾಕಲಿಕ್ಕೆ ಆಗುವುದಿಲ್ಲ. ಮೇಣ ಉಜ್ಜಿದ ಮೇಲೆ ಒಂದು ಬೆರಳಲ್ಲಿ ಹಾಕಬಹುದಂತೆ. ತೊಂದರೆ ಏನೆಂದರೆ, ಅದರ ಚಿಲಕ ತುಕ್ಕು ಹಿಡಿದು ಮುರಿದು ನಾಲ್ಕು ವರ್ಷ ಆಯಿತು. ಬಾಗಿಲು ಇಷ್ಟು ದಿನ ನಿಂತದ್ದೇ ಆ ಬಿಗಿಯಿಂದ. ಈಗ ಗಾಳಿ ಬಂದರೆ ತಾನಾಗಿಯೇ ತೆರೆಯುತ್ತದೆ, ಲ್ಯಾವೆಂಡರ್ ಪರಿಮಳದ ಸಮೇತ. ಒಳಗೆ ಜನ ಉಂಟು ಅಂತ ಗೊತ್ತಾಗಲಿ ಅಂತ ಶೆಟ್ರು ಮೀಯುವಾಗ ಯಕ್ಷಗಾನದ ಪದ ಹೇಳುತ್ತಾರೆ. ನಿನ್ನೆ ಯುದ್ಧದ ಪ್ರಸಂಗ ಇತ್ತು, ನಮ್ಮ ಜಗಲಿಗೇ ಕೇಳಿಸಿತು.